ಶರೀಫರ ಪದಕ್ಕೆ ನಮ್ಮ ಬೀದಿಯಲ್ಲಿ ಜಾಗವಿಲ್ಲವೆ?

ನವೆಂಬರ್ ಬಂತೆಂದರೆ ಆರ್‌ಪಿಸಿ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಶಾಮಿಯಾನ ಏಳುತ್ತದೆ. ಬಡಾವಣೆಗೆ ಹಂಪಿನಗರ ಎಂಬ ಚೆಂದದ ಹೆಸರಿದ್ದರೂ ನಮ್ಮೆಲ್ಲರ ಬಾಯಲ್ಲಿ ಉಳಿದಿರುವುದು ಆ ಮೂರು ಇಂಗ್ಲಿಷ್ ಅಕ್ಷರಗಳೇ. ಕಂಬದಿಂದ ಕಂಬಕ್ಕೆ ಹಳದಿ-ಕೆಂಪು ತೋರಣ, ಭುವನೇಶ್ವರಿಯ ಪಟಕ್ಕೆ ಹೂವಿನ ಹಾರ, ಗಣ್ಯರ ಭಾಷಣ, ಅದು ಮುಗಿದ ಮೇಲೆ ಆರ್ಕೆಸ್ಟ್ರಾ. ಅದೂ ಈಗ ಹೆಸರಿಗಷ್ಟೆ. ವಾದ್ಯಗಳೆಲ್ಲ ಒಂದು ಲ್ಯಾಪ್‌ಟಾಪಿನೊಳಗೆ ಅಡಗಿ ಕುಳಿತಿರುತ್ತವೆ; ಇಬ್ಬರು ಗಾಯಕರು ಅದರ ಮೇಲೆ ಸಿನಿಮಾ ಹಾಡು ಹೇಳುತ್ತಾರೆ.

ನಮ್ಮ ಬೀದಿಯ ಉತ್ಸವ ಸಮಿತಿಯ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಒಂದು ಸಂಜೆಯನ್ನು ಸ್ವಂತವಾಗಿ ಹಾಡು ಕಟ್ಟುವ ಕನ್ನಡದ ಬ್ಯಾಂಡೊಂದಕ್ಕೆ ಕೊಡೋಣ ಎಂಬುದಷ್ಟೇ ಅದು. ಯಾವ ತರಹದ್ದು ಎಂದು ಕೇಳಿದಾಗ, ಥಟ್ಟನೆ ಹೊಳೆದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಹೆಸರನ್ನು ಉದಾಹರಣೆಗೆಂದು ಹೇಳಿದೆ. ಹಿರಿಯರೊಬ್ಬರು, ‘ಶರೀಫರ ಪದಕ್ಕೆ ಗಿಟಾರು ಸೇರಿಸಿ ಕೆಡಿಸಿದವರಲ್ಲವೆ?’ ಎಂದರು. ಮತ್ತೊಬ್ಬರು, ‘ಅದೆಲ್ಲ ಎಂ.ಜಿ. ರಸ್ತೆ ಕಡೆಯವರಿಗೆ, ನಮಗಲ್ಲ’ ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ನನ್ನ ಮನಸ್ಸು ಮಾತ್ರ ಈ ಎರಡು ಮಾತುಗಳಲ್ಲೇ ಉಳಿಯಿತು.

ಮೊದಲು ಗಿಟಾರಿನ ವಿಷಯ. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರು ತಮ್ಮ ಪದಗಳನ್ನು ಹೇಗೆ ಹಾಡಿದರೆಂಬುದನ್ನು ಯಾವ ಯಂತ್ರವೂ ಹಿಡಿದಿಟ್ಟಿಲ್ಲ. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಏಕತಾರಿ, ತಾಳಗಳೊಡನೆ ಆ ಪದಗಳು ಬಾಯಿಂದ ಬಾಯಿಗೆ ದಾಟಿ ಬಂದವು. ಬೆಂಗಳೂರಿನ ನಮ್ಮಂಥವರ ಕಿವಿಯಲ್ಲಿ ‘ಮೂಲ’ ಎಂದು ಕುಳಿತಿರುವುದಾದರೂ ಯಾವುದು? ಸಿ. ಅಶ್ವತ್ಥರ ಕಂಠ. ಅವರ ಕ್ಯಾಸೆಟ್ಟುಗಳು, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅವರು ನೀಡಿದ ಸಂಗೀತ, ಇವು ಶರೀಫರನ್ನು ನಮ್ಮ ಮನೆಯ ಪಡಸಾಲೆಗೆ ತಂದವು. ಅಶ್ವತ್ಥರು ಮಾಡಿದ್ದೂ ಹೊಸ ಸಂಯೋಜನೆಯೇ. ಹಳ್ಳಿಯ ಭಜನೆಯ ಪದವನ್ನು ನಗರದ ವೇದಿಕೆಗೆ ಹೊಂದಿಸಿದ ದಿಟ್ಟ ಕೆಲಸ ಅದು. ಅಂದಿನ ಹೊಸತನ್ನು ಇಂದು ಪರಂಪರೆಯೆಂದು ಪೂಜಿಸುವ ನಾವು, ಅದೇ ಕೆಲಸವನ್ನು ಇನ್ನೊಬ್ಬ ಮಾಡಿದರೆ ಕೆಡಿಸಿದ ಎನ್ನುವುದು ಯಾವ ನ್ಯಾಯ?

ರಘು ದೀಕ್ಷಿತ್ ಗಿಟಾರಿನ ಮನೆತನದಿಂದ ಬಂದವರಲ್ಲ. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದರು, ಭರತನಾಟ್ಯ ಕಲಿತರು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕಾಲೇಜಿನ ಗೆಳೆಯನೊಬ್ಬ ನಾಟ್ಯವನ್ನು ಹೀಗಳೆದಾಗ ಪಂತ ಕಟ್ಟಿ ಗಿಟಾರು ಕಲಿತ ಕಥೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ‘ಅಂತರಾಗ್ನಿ’ ಎಂಬ ತಂಡ ಮುಗಿದ ಮೇಲೆ 2005ರ ಹೊತ್ತಿಗೆ ಈ ‘ಪ್ರಾಜೆಕ್ಟ್’ ರೂಪುಗೊಂಡಿತು. ಧ್ವನಿಮುದ್ರಿಕೆ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಕಡೆಗೆ ಮುಂಬೈಯ ವಿಶಾಲ್-ಶೇಖರ್ ಜೋಡಿ ಮುಂದೆ ಬಂದು, 2008ರಲ್ಲಿ ಮೊದಲ ಆಲ್ಬಮ್ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇದ್ದವು. ಮಾರುಕಟ್ಟೆಯ ಲೆಕ್ಕಾಚಾರ ಮಾತ್ರವೇ ಇದ್ದವರು ಆ ಎರಡನ್ನು ಖಂಡಿತ ಕೈಬಿಡುತ್ತಿದ್ದರು.

ಆಮೇಲಿನದು ಹಲವರಿಗೆ ಗೊತ್ತಿರುವಂಥದ್ದೇ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡ್ ಅವರ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತ ಹಾಡುವ ಈ ಮನುಷ್ಯನನ್ನು ಅಲ್ಲಿನವರು ‘ವರ್ಲ್ಡ್ ಮ್ಯೂಸಿಕ್’ ಎಂಬ ಕಪಾಟಿನಲ್ಲಿಟ್ಟರು. ಕಪಾಟು ಎಂದದ್ದು ಅಲಂಕಾರಕ್ಕಲ್ಲ. 1987ರಲ್ಲಿ ಲಂಡನ್ನಿನ ಪಬ್ಬೊಂದರಲ್ಲಿ ಸೇರಿದ ಸಣ್ಣ ರೆಕಾರ್ಡ್ ಕಂಪನಿಗಳವರು, ಅಂಗಡಿಯಲ್ಲಿ ಇಂಥ ಸಂಗೀತವನ್ನು ಎಲ್ಲಿಡಬೇಕೆಂದು ತಿಳಿಯದೆ ಒಪ್ಪಿಕೊಂಡ ಹಣೆಪಟ್ಟಿ ಅದು. ಆ ಹೆಸರಿನಲ್ಲೇ ಏನೋ ಐಬಿದೆಯೆಂದು ಗ್ರಾಮಿ ಪ್ರಶಸ್ತಿಯವರು 2020ರಲ್ಲಿ ಅದನ್ನು ‘ಗ್ಲೋಬಲ್’ ಎಂದು ಬದಲಿಸಿಕೊಂಡರು. ಅವರಿಗೆ ಹೆಸರಿನ ಸಂಕಟವಾದರೂ ಇತ್ತು. ನಮ್ಮಲ್ಲಿ ಕಪಾಟೇ ಇಲ್ಲ. ಸುಗಮ ಸಂಗೀತದವರಿಗೆ ಇದು ಗದ್ದಲ, ಜಾನಪದದವರಿಗೆ ಅಪಚಾರ, ಸಿನಿಮಾದವರಿಗೆ ಸಿನಿಮಾಕ್ಕೆ ಬಂದರಷ್ಟೇ ಸಂಗೀತ.

ಇನ್ನು ಎಂ.ಜಿ. ರಸ್ತೆಯ ಮಾತು. ಇದು ನನ್ನನ್ನು ಹೆಚ್ಚು ನೋಯಿಸಿತು, ಏಕೆಂದರೆ ಇದು ನಿಜ. ಕನ್ನಡದ ಬಗ್ಗೆ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಇರುವ ಅಭಿಮಾನ ಸಣ್ಣದಲ್ಲ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಇನ್ನೂ ಕನ್ನಡ ಉಳಿದಿದೆ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಹೊಸ ಕನ್ನಡ ಹಾಡಿಗೆ ಮೈಕು ಕೊಟ್ಟವರು ಯಾರು? ನಾವು ‘ಪರಕೀಯ’ ಎನ್ನುವ ಪೂರ್ವ ಭಾಗದ ಪಬ್ಬು, ಕೆಫೆಗಳು. ಕನ್ನಡ ಬಾರದವರೇ ಹೆಚ್ಚಿರುವ ಸಭೆಗಳಲ್ಲಿ ಈ ಹಾಡುಗಳು ಬೆಳೆದವು. 2016ರಲ್ಲಿ ನೇರಳೆ ಮಾರ್ಗದ ಮೆಟ್ರೊ ವಿಜಯನಗರವನ್ನು ಎಂ.ಜಿ. ರಸ್ತೆಗೆ ನೇರವಾಗಿ ಜೋಡಿಸಿದ ಮೇಲೆ, ನಮ್ಮ ಬೀದಿಯ ಹುಡುಗರು ಶನಿವಾರದ ಸಂಜೆ ಅತ್ತ ಹೋಗಿ, ದುಡ್ಡು ಕೊಟ್ಟು ಕನ್ನಡ ಹಾಡು ಕೇಳಿ, ಕೊನೆಯ ರೈಲಿಗೆ ಓಡಿಬರುತ್ತಾರೆ. ಇತ್ತ ಶಾಮಿಯಾನದಡಿ ಲ್ಯಾಪ್‌ಟಾಪು ಹಾಡುತ್ತಿರುತ್ತದೆ.

ನಾನು ಈ ಬ್ಯಾಂಡಿನ ಅಂಧಾಭಿಮಾನಿಯಲ್ಲ. ಅದರ ಕೆಲವು ಹಾಡುಗಳಲ್ಲಿ ಕುಣಿತದ ಭರಾಟೆಗೆ ಪದದ ಒಳಗಿನ ಮೌನ ಕಳೆದುಹೋಗಿದೆ. ಸೋರುವ ಮಾಳಿಗೆಯಲ್ಲಿರುವ ಭಯ ಕುಣಿಯುವ ಗುಂಪಿಗೆ ಎಷ್ಟು ತಲುಪೀತು? 2018ರ ಅಕ್ಟೋಬರ್‌ನಲ್ಲಿ, ‘ಮೀ ಟೂ’ ದಿನಗಳಲ್ಲಿ, ರಘು ದೀಕ್ಷಿತ್ ಅವರ ವರ್ತನೆಯ ಬಗ್ಗೆ ಆರೋಪ ಕೇಳಿಬಂದಾಗ ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಇದನ್ನು ಮರೆಮಾಚಿ ಅವರ ಹಾಡನ್ನಷ್ಟೇ ಹೊಗಳುವುದು ನನ್ನಿಂದಾಗದು. ಒಂದು ಬಗೆಯ ಸಂಗೀತದ ಇಡೀ ಭಾರವನ್ನು ಒಬ್ಬ ಮುಂಚೂಣಿಯ ಗಾಯಕನ ಹೆಗಲಿಗೇರಿಸಿದರೆ, ಅವನು ಎಡವಿದ ದಿನ ಸಂಗೀತವೂ ಎಡವುತ್ತದೆ. ಹಲವು ಬಗೆಯ ಕಲಾವಿದರು ಬಂದು ಹೋಗುವ ತೆರೆದ ಮನೆಯಾಗಲೆಂದು ಕಟ್ಟಿದ ತಂಡವಿದು. ಆದರೂ ಬಾಸ್ ಗಿಟಾರು ನುಡಿಸುತ್ತ ಬಂದ ಗೌರವ್ ವಾಜ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ತತ್ತ್ವಪದಕ್ಕೆ ಈ ತೊಂದರೆ ಇರಲಿಲ್ಲ. ಶರೀಫರು ಅಂಕಿತದಲ್ಲಿ ಸಹ ತಮ್ಮ ಹೆಸರಿಡದೆ ಶಿಶುನಾಳಧೀಶನನ್ನು ಕೂರಿಸಿದವರು.

ಹಾಗಾಗಿ ನನಗೆ ಬೇಕಿರುವುದು ಇನ್ನೊಬ್ಬ ತಾರೆಯಲ್ಲ, ಹತ್ತಾರು ಸಣ್ಣ ತಂಡಗಳು. ಅವು ಹುಟ್ಟಬೇಕಾದರೆ ಬೀದಿಯಲ್ಲಿ ವೇದಿಕೆ ಬೇಕು, ಕೈಗೆ ಸಂಭಾವನೆ ಬೇಕು. ಶಾಮಿಯಾನದವರಿಗೆ, ದೀಪದವರಿಗೆ, ಊಟದವರಿಗೆ ಮುಂಗಡ ಎಣಿಸಿ ಕೊಡುವ ನಾವು, ಹಾಡುವ ಹುಡುಗರಿಗೆ ಮಾತ್ರ ಶಾಲು, ಹಾರ, ಒಂದು ಏಲಕ್ಕಿ ಮಾಲೆ ಹಾಕಿ ಕಳಿಸುತ್ತೇವೆ. ತಂತಿ ಹರಿದರೆ ಹೊಸ ತಂತಿಯನ್ನು ಶಾಲು ಮಾರಿ ತರಲಾದೀತೆ?

ಎರಡನೆಯ ಸಭೆಯಲ್ಲಿ ಮತ್ತೆ ಕೇಳಿದೆ. ಸಂಜೆ ಆರೂವರೆಯಿಂದ ಮುಕ್ಕಾಲು ಗಂಟೆ ಕೊಡಲು ಒಪ್ಪಿದ್ದಾರೆ; ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕಾದ್ದರಿಂದ ಆರ್ಕೆಸ್ಟ್ರಾದ ಸಮಯವನ್ನು ಕಡಿತಗೊಳಿಸಲಾಗದಂತೆ. ಗಿಟಾರಿನ ಬಗ್ಗೆ ಆಕ್ಷೇಪವೆತ್ತಿದ್ದ ಹಿರಿಯರು, ಡ್ರಮ್ಮು ಮಾತ್ರ ತಮ್ಮ ಗೇಟಿನ ಎದುರು ಬೇಡವೆಂದರು. ಖಜಾಂಚಿಗಳು ಸಂಭಾವನೆಯ ಅಂದಾಜನ್ನು ಬರೆದು ತರಲು ಹೇಳಿದ್ದಾರೆ. ನಮ್ಮದೇ ಅಡ್ಡರಸ್ತೆಯ ಮಹಡಿಯೊಂದರಲ್ಲಿ ಭಾನುವಾರಗಳಂದು ಅಭ್ಯಾಸ ಮಾಡುವ ಐವರು ಹುಡುಗರಿದ್ದಾರೆ. ಅವರನ್ನು ಕೇಳಲು ಹೊರಟಿದ್ದೇನೆ.