ಬಲೆಯೊಳಗಿನ ಸುತ್ತಿಗೆ

2013ರ ಜುಲೈ ತಿಂಗಳಿನಲ್ಲಿ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಜರುಗಿತು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ಅವರು ಡಿಸ್ಕಸ್ಸನ್ನು 64.90 ಮೀಟರ್ ದೂರ ಎಸೆದು ಚಿನ್ನ ಗೆದ್ದುದನ್ನು ಕನ್ನಡಿಗರು ನೆನಪಿಟ್ಟಿದ್ದಾರೆ. ಅದೇ ಅಂಗಳದಲ್ಲಿ ಪುರುಷರ ಹ್ಯಾಮರ್ ಎಸೆತದಲ್ಲಿ ತಾಜಿಕಿಸ್ತಾನದ ದಿಲ್ಶೋದ್ ನಜರೋವ್ ಅವರು ಸ್ಪರ್ಧಿಸಿದ್ದರು. ಮೂರು ವರ್ಷಗಳ ತರುವಾಯ ರಿಯೊದಲ್ಲಿ 78.68 ಮೀಟರ್ ಎಸೆದು, ತಮ್ಮ ದೇಶಕ್ಕೆ ಮೊತ್ತಮೊದಲ ಒಲಿಂಪಿಕ್ ಚಿನ್ನವನ್ನು ತಂದವರೂ ಅವರೇ.

ಮರಾಠಿಯಲ್ಲಿ ಹಾತೋಡಾಫೇಕ್, ಕನ್ನಡದಲ್ಲಿ ಸುತ್ತಿಗೆ ಎಸೆತ. ಹೆಸರಿಗಷ್ಟೇ ಸುತ್ತಿಗೆ, ಕಮ್ಮಾರನ ಸುತ್ತಿಗೆಗೂ ಇದಕ್ಕೂ ಇಂದು ಹೋಲಿಕೆಯೇ ಇಲ್ಲ. ಒಂದು ಲೋಹದ ಗುಂಡು, ಅದಕ್ಕೊಂದು ಉಕ್ಕಿನ ತಂತಿ, ತುದಿಗೊಂದು ಹಿಡಿಕೆ. ಪುರುಷರದು 7.26 ಕಿಲೋ ತೂಕ, ಸುಮಾರು 1.2 ಮೀಟರ್ ಉದ್ದ.

ದೂರದರ್ಶನದ ‘ಮಹಾಭಾರತ’ದಲ್ಲಿ ಭೀಮನಾಗಿದ್ದ ಪ್ರವೀಣ್ ಕುಮಾರ್ ಸೋಬ್ತಿ ಅವರು 1966ರಲ್ಲಿ ಕಿಂಗ್‌ಸ್ಟನ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಹ್ಯಾಮರ್ ಎಸೆದು ಬೆಳ್ಳಿಯನ್ನೂ, ಅದೇ ವರ್ಷ ಬ್ಯಾಂಕಾಕ್‌ನ ಏಷ್ಯನ್ ಕೂಟದಲ್ಲಿ ಕಂಚನ್ನೂ ಗೆದ್ದವರು. ಭೀಮನೆಂದೊಡನೆ ತೋಳ್ಬಲವೇ ಕಣ್ಣ ಮುಂದೆ ಬರುವುದು ಸಹಜ. ಆದರೆ ಈ ಎಸೆತದ ಗುಟ್ಟು ಪಾದಗಳಲ್ಲಿದೆ. 2.135 ಮೀಟರ್ ವ್ಯಾಸದ ವೃತ್ತದೊಳಗೆ ಎಸೆತಗಾರನು ಮೂರು ಅಥವಾ ನಾಲ್ಕು ಸುತ್ತು ತಿರುಗುತ್ತಾನೆ. ಗುಂಡು ಹೊರಕ್ಕೆ ಜಗ್ಗುತ್ತದೆ; ಅವನು ಮೊಣಕಾಲು ಮಡಿಸಿ, ಹಿಂದಕ್ಕೆ ಭಾರ ಹಾಕಿ ಅದನ್ನು ತಡೆಯುತ್ತಾನೆ. ಸುತ್ತಿನಿಂದ ಸುತ್ತಿಗೆ ವೇಗ ಏರಿ, ಕೈಬಿಡುವಾಗ ಶ್ರೇಷ್ಠ ಎಸೆತಗಾರರ ಗುಂಡು ಗಂಟೆಗೆ ನೂರು ಕಿಲೋಮೀಟರನ್ನು ಮೀರಿರುತ್ತದೆ. ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ 1986ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ಥಾಪಿಸಿದ 86.74 ಮೀಟರಿನ ವಿಶ್ವದಾಖಲೆ ದಶಕಗಳ ಕಾಲ ಅಳಿಯದೆ ನಿಂತಿತು.

ಇಂಥ ವೇಗದಲ್ಲಿ ಕೈಬಿಡುವ ಗಳಿಗೆ ಕೂದಲೆಳೆಯಷ್ಟು ತಪ್ಪಿದರೂ ಗುಂಡು ದಿಕ್ಕು ತಪ್ಪುತ್ತದೆ. ಆದುದರಿಂದಲೇ ಅಂತಾರಾಷ್ಟ್ರೀಯ ಕೂಟಗಳಲ್ಲಿ ವೃತ್ತದ ಸುತ್ತ ಎತ್ತರದ ಬಲೆ ಕಟ್ಟುತ್ತಾರೆ: ಹಿಂಭಾಗದಲ್ಲಿ ಕನಿಷ್ಠ 7 ಮೀಟರ್, ಮುಂದಿನ ಬಾಗಿಲುಗಳ ಬಳಿ 10 ಮೀಟರ್. ಬಲೆ ತಡೆಯುವುದು ದಾರಿ ತಪ್ಪಿದ ಗುಂಡನ್ನು ಮಾತ್ರ; ಸರಿಯಾಗಿ ಹಾರಿದ ಗುಂಡು ಬೀಳುವ ಬಯಲನ್ನು ಬರಿದಾಗಿರಿಸುವುದು ಮನುಷ್ಯರ ಕೆಲಸ.

2019ರ ಅಕ್ಟೋಬರ್‌ನಲ್ಲಿ ಕೇರಳದ ಪಾಲಾ ಪಟ್ಟಣದ ಜೂನಿಯರ್ ಅಥ್ಲೆಟಿಕ್ ಕೂಟದಲ್ಲಿ ಆ ಕೆಲಸ ತಪ್ಪಿತು. ಜಾವೆಲಿನ್ ಮತ್ತು ಹ್ಯಾಮರ್ ಸ್ಪರ್ಧೆಗಳು ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ನಡೆದಿದ್ದವು. ಜಾವೆಲಿನ್ ವಿಭಾಗದಲ್ಲಿ ಸ್ವಯಂಸೇವಕನಾಗಿದ್ದ ಶಾಲಾ ಬಾಲಕನ ತಲೆಗೆ ಹ್ಯಾಮರ್ ಬಡಿಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅವನು ತೀರಿಕೊಂಡನು. ಅವನು ಸ್ಪರ್ಧಿಯೂ ಆಗಿರಲಿಲ್ಲ.

ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಪಾಲಕರು ಮಗುವನ್ನು ಕೂಟಕ್ಕೆ ಕಳುಹಿಸುವಾಗ ಬಸ್ಸು, ಬುತ್ತಿ, ಬೂಟುಗಳನ್ನು ವಿಚಾರಿಸುತ್ತಾರೆ. ಎಸೆತದ ಸ್ಪರ್ಧೆಗಳಿದ್ದರೆ ಇನ್ನೆರಡು ಮಾತು ಮುಖ್ಯಾಧ್ಯಾಪಕರನ್ನು ಕೇಳಬೇಕು: ಬಲೆ ಇದೆಯೇ? ಒಂದು ಎಸೆತ ಮುಗಿಯುವ ತನಕ ಮತ್ತೊಂದನ್ನು ತಡೆಹಿಡಿಯುತ್ತಾರೆಯೇ? ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಬಲೆಯಿಲ್ಲದ ಊರಿನ ಮಕ್ಕಳು ಸುಮ್ಮನೆ ಕೂರಬೇಕಾಗಿಯೂ ಇಲ್ಲ. ಹಿಮ್ಮಡಿ ಮತ್ತು ಮುಂಗಾಲ ಮೇಲೆ ತಿರುಗುವ ಪಾಠವನ್ನು ಬರಿಗೈಯಲ್ಲಿ, ಸಮತಟ್ಟಾದ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ವರ್ಷವಿಡೀ ಕಲಿಯಬಹುದು.