ಮೂಕತಾಯಿಯ ಗೋಳು ಮತ್ತು ಕುಲಪತ್ರದ ಮೋಹ



ಕೊಣನೂರು, ರಾಮನಾಥಪುರ, ಬಸವಾಪಟ್ಟಣಗಳ ಕಡೆಯ ರೈತನು ಒಂದು ಕಡಸನ್ನು ಕೊಳ್ಳಲು ಹೋದಾಗ ಮೊದಲು ಏನನ್ನು ಕೇಳುತ್ತಾನೆಂಬುದು ನಿಮಗೆ ತಿಳಿಯದ ಸಂಗತಿಯಲ್ಲ. ಅದರ ತಾಯಿ ಯಾವುದು, ಎಷ್ಟು ಹಾಲು ಕರೆಯುತ್ತಿತ್ತು, ಹಾಯುವ ಗುಣವುಂಟೋ ಇಲ್ಲವೋ ಎಂದು ವಿಚಾರಿಸದೆ ಅವನು ಹಣದ ಗಂಟನ್ನು ಬಿಚ್ಚುವುದಿಲ್ಲ. ಚನ್ನರಾಯಪಟ್ಟಣದ ಸೀಮೆಯ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಮುಂದೆ ನಿಂತ ಹಿರಿಯನು ಹಲ್ಲು, ಗೊರಸು, ಸುಳಿಗಳನ್ನು ನೋಡಿ, ಸಾಕಿದವನ ಮುಖವನ್ನೂ ನೋಡಿಯೇ ಬೆಲೆಯನ್ನಾಡುತ್ತಾನೆ. ಆದರೆ ಆ ಹಿರಿಯನ ಮನೆಯಲ್ಲಿಯೇ ಹುಟ್ಟಿ, ಓದಿ, ಪಟ್ಟಣದಲ್ಲಿ ಉದ್ಯೋಗಸ್ಥನಾದ ಮಗನು ಮೊಬೈಲಿನಲ್ಲಿ ಒಂದು ಚಿತ್ರವನ್ನು ಕಂಡು, ಸಾವಿರಾರು ರೂಪಾಯಿಗಳನ್ನು ಮೊದಲೇ ಕಳುಹಿಸಿ, ಬಸ್ಸಿನ ಬಾಗಿಲಲ್ಲಿಯೋ ರಸ್ತೆಯ ಬದಿಯಲ್ಲಿಯೋ ಬುಟ್ಟಿಯೊಳಗಿನ ನಾಯಿಮರಿಯನ್ನು ಪಡೆದುಕೊಂಡು ಊರಿಗೆ ಬರುತ್ತಾನೆ. ಇದರ ತಾಯಿ ಎಲ್ಲಿ ಎಂಬ ಒಂದು ಪ್ರಶ್ನೆಯನ್ನು ಅವನು ಕೇಳುವುದಿಲ್ಲ. ಮಾರುವವನಿಗೆ ಬೇಕಾದುದೂ ಅದೇ.

ಕೇಳಿದ್ದರೆ ಏನು ಕಾಣುತ್ತಿತ್ತು? ಕತ್ತಲೆಯ ಒಂದು ಕೊಟ್ಟಿಗೆ. ಅದರೊಳಗೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪಂಜರಗಳು. ಮೂತ್ರದಲ್ಲಿ ನೆಂದು ಪಾದ ಹುಣ್ಣಾದ ಹೆಣ್ಣುನಾಯಿಗಳು. ನಾಯಿಯ ಗರ್ಭಕಾಲ ಸುಮಾರು 63 ದಿನಗಳು. ಬಹಳಷ್ಟು ಹೆಣ್ಣುನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತವೆ. ದಯೆಯಿಲ್ಲದ ವ್ಯಾಪಾರಿಯು ಒಂದು ಬೆದೆಯನ್ನೂ ಬರಿದಾಗಿ ಹೋಗಗೊಡುವುದಿಲ್ಲ. ಮರಿಗಳಿಗೆ ಹಾಲು ಬಿಡಿಸುವ ಮೊದಲೇ ಅವುಗಳನ್ನು ಕಿತ್ತು ಮಾರುತ್ತಾನೆ. ತಾಯಿಯ ಮೈ ತುಂಬಿಕೊಳ್ಳುವ ಮುನ್ನವೇ ಅದನ್ನು ಮತ್ತೆ ಗಂಡಿನ ಬಳಿಗೆ ನೂಕುತ್ತಾನೆ. ಐದಾರು ವರ್ಷಗಳಲ್ಲಿ ಗರ್ಭಕೋಶ ಸೋತು, ಹಲ್ಲು ಉದುರಿ, ಮೊಲೆಗಳು ಜೋತುಬಿದ್ದಾಗ ಅದನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟುಹೋಗುತ್ತಾನೆ. ಇಂತಹ ನಾಯಿಗಳನ್ನು ರಕ್ಷಿಸಿ ಸಾಕುವವರು ಹೇಳುವ ಮಾತು ಎದೆಯನ್ನು ಇರಿಯುವಂಥದು. ಅವು ಹುಲ್ಲಿನ ಮೇಲೆ ಕಾಲಿಡಲು ಅಂಜುತ್ತವೆ. ಪಂಜರದ ಬಾಗಿಲು ತೆರೆದಿದ್ದರೂ ಹೊರಗೆ ಬರುವುದಿಲ್ಲ. ಬಿಡುಗಡೆಯೆಂದರೇನೆಂಬುದನ್ನೇ ಮರೆಯುವಂತೆ ಒಂದು ಜೀವವನ್ನು ಮಾಡುವುದಕ್ಕಿಂತ ಹೆಚ್ಚಿನ ಹಿಂಸೆ ಯಾವುದಿದೆ?

ಪಂಜರದ ಹಿಂಸೆಯ ಜೊತೆಗೆ ದೇಹದ ಹಿಂಸೆಯೊಂದಿದೆ. 2003ರಲ್ಲಿ ಹಚ್ ಎಂಬ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಬಾಲಕನ ಹಿಂದೆ ಓಡುವ ಪಗ್ ನಾಯಿಯನ್ನು ನಾಡೆಲ್ಲ ನೋಡಿತು. ಅಂದಿನಿಂದ ಆ ತಳಿಗೆ ಎಲ್ಲಿಲ್ಲದ ಬೇಡಿಕೆಯುಂಟಾಯಿತು. ಆ ಚಪ್ಪಟೆ ಮುಖವನ್ನು ನಾವು ಮುದ್ದು ಎನ್ನುತ್ತೇವೆ. ಪಶುವೈದ್ಯರು ಅದನ್ನು ಉಸಿರಾಟದ ವಿಕಾರವೆನ್ನುತ್ತಾರೆ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ಅದು ಏದುಸಿರಿನಿಂದಲೇ ತನ್ನ ಮೈಯನ್ನು ತಣಿಸಿಕೊಳ್ಳಬೇಕು. ಮೂಗಿನ ಹೊಳ್ಳೆ ಕಿರಿದಾಗಿ, ಅಂಗುಳು ಗಂಟಲಿಗೆ ಅಡ್ಡವಾದ ಪ್ರಾಣಿಯು ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೇಗೆ ತಣಿಯಬೇಕು? ಬುಲ್‌ಡಾಗ್ ಎಂಬ ತಳಿಯಲ್ಲಂತೂ ಮರಿಯ ತಲೆ ದೊಡ್ಡದು, ತಾಯಿಯ ಕಟಿ ಕಿರಿದು. ಬಹುಪಾಲು ಹೆರಿಗೆಗಳು ಹೊಟ್ಟೆಯನ್ನು ಕೊಯ್ದೇ ಆಗಬೇಕು. ತಾನಾಗಿ ಹೆರಲಾರದ ತಾಯಿಯನ್ನು ಮನುಷ್ಯನು ಬೇಕೆಂದೇ ಸೃಷ್ಟಿಸಿದ್ದಾನೆ. ಹಿಮದ ನಾಡಿಗೆಂದು ಮೈತುಂಬ ಎರಡು ಪದರದ ರೋಮವುಳ್ಳ ಹಸ್ಕಿ ನಾಯಿಯನ್ನು ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದಲ್ಲಿ ಕಟ್ಟಿಹಾಕುವುದು ಪ್ರೀತಿಯೋ ಪ್ರದರ್ಶನವೋ, ನೀವೇ ಹೇಳಿರಿ.

ಈಗ ಕುಲಪತ್ರದ ಮಾತು. ಮಾರುವವನು ನಾಯಿಯ ಜೊತೆಗೆ ಒಂದು ಕಾಗದವನ್ನು ಕೊಡುತ್ತಾನೆ. ಅಜ್ಜ ಯಾರು, ಮುತ್ತಜ್ಜಿ ಯಾರು, ರಕ್ತವೆಷ್ಟು ಶುದ್ಧ ಎಂಬ ವಂಶಾವಳಿ ಅದರಲ್ಲಿರುತ್ತದೆ. 1896ರಲ್ಲಿ ಸ್ಥಾಪಿತವಾದ ಭಾರತೀಯ ಕೆನೆಲ್ ಕ್ಲಬ್ಬು ವಂಶವನ್ನು ದಾಖಲಿಸುತ್ತದೆ. ಆ ಕಾಗದವು ನಾಯಿಯ ಪೀಳಿಗೆಯನ್ನು ಹೇಳಬಹುದೇ ಹೊರತು, ತಾಯಿಯು ಹೇಗೆ ಬದುಕಿತೆಂಬುದನ್ನು ಹೇಳಲಾರದು. ಮೇಲಾಗಿ, ರಕ್ತಶುದ್ಧಿಗಾಗಿ ಹತ್ತಿರದ ಸಂಬಂಧಗಳಲ್ಲಿಯೇ ಕೂಡಿಸುತ್ತ ಹೋದಂತೆ ಅಡಗಿದ್ದ ರೋಗಗಳು ಮೇಲೇಳುತ್ತವೆಂಬುದು ಜೀವಶಾಸ್ತ್ರದ ಮೊದಲ ಪಾಠ. ಆದರೆ ನಾವು ಕೇಳಬೇಕಾದುದು ಇದಕ್ಕಿಂತ ಆಳವಾದ ಪ್ರಶ್ನೆ. ಕುಲವನ್ನು ಕೇಳುವುದು ಪಾತಕವೆಂದು ಸಾರಿದ ಶರಣರ ಮಕ್ಕಳು ನಾವು. ಹರಳಯ್ಯ ಮಧುವರಸರ ಮನೆಗಳ ಸಂಬಂಧಕ್ಕಾಗಿ ಕಲ್ಯಾಣವೇ ರಕ್ತದಲ್ಲಿ ತೊಯ್ದಿತು. ಅಂತಹ ಪರಂಪರೆಯವರ ಜಗಲಿಯ ಮೇಲೆ ನಾಯಿಯ ಕುಲಪತ್ರವು ಚೌಕಟ್ಟು ಹಾಕಿಸಿಕೊಂಡು ನೇತಾಡುವುದು, ಕುಲವಿಲ್ಲದ ಬೀದಿಯ ನಾಯಿಗೆ ಅದೇ ಜಗಲಿಯಿಂದ ಕಲ್ಲು ಬೀಳುವುದು, ಇದೆಂತಹ ವಿಪರ್ಯಾಸ! ಮನುಷ್ಯರಲ್ಲಿ ಅಳಿಸಲು ಹೊರಟ ರೋಗವನ್ನು ನಾಯಿಯ ಮೇಲೆ ಹೊರಿಸಿ ಸಾಕುತ್ತಿದ್ದೇವಲ್ಲವೆ? ಹಾವಿನಹಾಳ ಕಲ್ಲಯ್ಯನವರು ವೇದವನ್ನು ಓದಿಸಿದರೆಂದು ನಾವು ಭಕ್ತಿಯಿಂದ ಕೇಳುವ ಕಥೆಯಲ್ಲಿ ಬರುವ ನಾಯಿಗೆ ಯಾವ ಕುಲಪತ್ರವಿತ್ತು?

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: ‘ಸ್ವಾಮಿಗಳೆ, ಇದೂ ಒಂದು ಕಾಯಕವಲ್ಲವೆ? ಬಡವನೊಬ್ಬನು ನಾಲ್ಕು ನಾಯಿಗಳನ್ನಿಟ್ಟುಕೊಂಡು ಹೊಟ್ಟೆ ಹೊರೆದರೆ ತಪ್ಪೇನು?’ ಪ್ರಶ್ನೆಯು ನ್ಯಾಯವಾದುದೇ. ಆದರೆ ಹಣ ಬರುವ ಉದ್ಯೋಗವೆಲ್ಲ ಕಾಯಕವಾಗುವುದಿಲ್ಲ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ವೃತ್ತಾಂತ ನಿಮಗೆ ಗೊತ್ತಿದೆ. ಅಂಗಳದಲ್ಲಿ ಬಿದ್ದ ಅಕ್ಕಿಯ ಮೇಲಿನ ಅತಿಯಾಸೆಯನ್ನೇ ಒಪ್ಪದ ಕಾಯಕತತ್ತ್ವವು ಒಂದು ಗರ್ಭದ ಮೇಲಿನ ಅತಿಯಾಸೆಯನ್ನು ಒಪ್ಪೀತೆ? ಕುರಿ ಕಾಯುವವನು, ಹಸು ಸಾಕುವವನು, ಬೇಟೆಯ ನಾಯಿಯನ್ನು ಮನೆಯ ಮಗುವಿನಂತೆ ಬೆಳೆಸುವವನು, ಇವರಾರನ್ನೂ ನಾವು ದೂಷಿಸುತ್ತಿಲ್ಲ. ನಮ್ಮ ಮುಧೋಳದ ನಾಯಿ ಬಯಲುಸೀಮೆಯ ಬಿಸಿಲಿಗೆ ಒಗ್ಗಿದ, ಓಡಲೆಂದೇ ಹುಟ್ಟಿದ ಪ್ರಾಣಿ. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂದಿತು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಸಂಶೋಧನ ಕೇಂದ್ರವೇ ಅದಕ್ಕಾಗಿ ಇದೆ. ತಳಿಯನ್ನು ಉಳಿಸುವುದು ಬೇರೆ, ತಾಯಿಯನ್ನು ಯಂತ್ರವಾಗಿಸುವುದು ಬೇರೆ. ಕೀರ್ತಿ ಬಂದ ಮೇಲೆ ಮುಧೋಳದ ನಾಯಿಗೂ ಪಂಜರ ಬಾರದಂತೆ ಕಾಯಬೇಕಾಗಿದೆ.

ಕಾನೂನಿಲ್ಲವೆ ಎಂದರೆ, ಇದೆ. ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ತಡೆ ಅಧಿನಿಯಮವು ಬಂದಿತು. ಅದರ ಅಡಿಯಲ್ಲಿ 2017ರಲ್ಲಿ ನಾಯಿಗಳ ತಳಿವರ್ಧನೆ ಮತ್ತು ಮಾರಾಟದ ನಿಯಮಗಳು ಪ್ರಕಟವಾದವು. ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಯಾರೂ ಈ ವ್ಯಾಪಾರ ಮಾಡುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನೂ ಎಂಟು ವರ್ಷ ದಾಟಿದ ಹೆಣ್ಣನ್ನೂ ಗರ್ಭಧಾರಣೆಗೆ ಒಳಪಡಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನಿಯಮಗಳು ಇಷ್ಟು ಸ್ಪಷ್ಟ, ದಂಡವಾದರೋ ನಗೆಗೀಡು. ಮೂಲ ಅಧಿನಿಯಮದ 11ನೆಯ ಕಲಮಿನಂತೆ ಮೊದಲನೆಯ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ! ಒಂದು ಮರಿಗೆ ಹತ್ತಾರು ಸಾವಿರ ಎಣಿಸುವವನು ಐವತ್ತು ರೂಪಾಯಿಗೆ ಹೆದರುವನೆ? ಈ ದಂಡವನ್ನು ಹೆಚ್ಚಿಸಬೇಕೆಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದು ಭಕ್ತರ ಕರ್ತವ್ಯ. 2013ರಲ್ಲಿ ಇಂತಹ ಒಂದು ಕೊಟ್ಟಿಗೆಯಿಂದ ಬಿಡಿಸಲ್ಪಟ್ಟ ಲೂಸಿ ಎಂಬ ನಾಯಿಯ ಹೆಸರಿನಲ್ಲಿಯೇ ಚಳುವಳಿ ನಡೆದು, ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಎಳೆಯ ಮರಿಗಳನ್ನು ದಲ್ಲಾಳಿಗಳು ಮಾರುವುದು ನಿಷಿದ್ಧವಾಯಿತು. ಸಾಕಿದವನೇ, ತಾಯಿಯ ಸಮ್ಮುಖದಲ್ಲಿಯೇ ಮರಿಯನ್ನು ತೋರಿಸಬೇಕು. ನಮ್ಮ ರೈತನ ಹಳೆಯ ವಿವೇಕವನ್ನು ಆ ದೇಶವು ಈಗ ಶಾಸನವನ್ನಾಗಿ ಬರೆದುಕೊಂಡಿದೆ.

‘ಮನುಷ್ಯರೇ ಹಸಿದಿರುವಾಗ ನಾಯಿಯ ಚಿಂತೆಯೇಕೆ?’ ಎನ್ನುವವರೂ ಉಂಟು. ಹಸಿದ ಮನುಷ್ಯನ ಹೆಸರನ್ನು ಹೇಳಿ ನಾಯಿಯನ್ನು ಮರೆಯುವವರು ಸಾಮಾನ್ಯವಾಗಿ ಹಸಿದ ಮನುಷ್ಯನನ್ನೂ ಮರೆತಿರುತ್ತಾರೆ. ಕರುಣೆಯು ಕಣಜದ ರಾಗಿಯಲ್ಲ, ಒಬ್ಬರಿಗೆ ಅಳೆದರೆ ಮತ್ತೊಬ್ಬರಿಗೆ ಕಡಮೆಯಾಗುವುದಕ್ಕೆ. ಬೀದಿನಾಯಿಗಳ ಕಡಿತದಿಂದ ಮಕ್ಕಳು ನೊಂದಿರುವುದೂ, 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ವಿಷಯವನ್ನು ಕೈಗೆತ್ತಿಕೊಂಡುದೂ ನಮಗೆ ತಿಳಿದಿದೆ. ಅದಕ್ಕಾಗಿಯೇ ಹೇಳುತ್ತೇವೆ: ಒಂದು ಕಡೆ ಸಾರ್ವಜನಿಕರ ಹಣದಿಂದ ಬೀದಿಯ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುತ್ತ, ಇನ್ನೊಂದು ಕಡೆ ಲಾಭಕ್ಕಾಗಿ ಮರಿಗಳನ್ನು ಕಾರ್ಖಾನೆಯಂತೆ ಉತ್ಪಾದಿಸಲು ಬಿಡುವುದು ತೂತುಬಿದ್ದ ದೋಣಿಯಿಂದ ನೀರು ತೋಡಿದಂತೆ. ಬೇಸರ ಬಂದ ಮೇಲೆ ಬಿಟ್ಟ ತಳಿನಾಯಿಯೂ ಕೊನೆಗೆ ಬೀದಿಗೇ ಬರುತ್ತದೆ.

ಕರುಣೆಯು ಪರಊರಿನಿಂದ ತರಬೇಕಾದ ವಸ್ತುವಲ್ಲ. ರಾಮನಾಥಪುರದ ಕಾವೇರಿಯ ಮಡುವಿನಲ್ಲಿ ಮೀನುಗಳಿಗೆ ಬಲೆ ಬೀಸುವುದಿಲ್ಲ. ಯಾತ್ರಿಕರು ಪುರಿ ಎರಚುತ್ತಾರೆ, ಮೀನುಗಳು ಮೆಟ್ಟಿಲಿನವರೆಗೆ ಬರುತ್ತವೆ. ಯಾರೂ ಕಾವಲಿಲ್ಲದ ಹೊತ್ತಿನಲ್ಲಿಯೂ ನಮ್ಮ ಜನರು ಕೈಯನ್ನು ತಡೆದುಕೊಳ್ಳಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನದಿಯ ಮೀನಿಗೆ ತೋರಿದ ಸಂಯಮವನ್ನು ಬಾಗಿಲ ನಾಯಿಗೂ ತೋರಬೇಕೆಂಬುದಷ್ಟೇ ನಮ್ಮ ಬೇಡಿಕೆ.

ಆದುದರಿಂದ ಮಠದ ಸದ್ಭಕ್ತರೂ, ಇಲ್ಲಿನ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳೂ ನಾಲ್ಕು ನಿಯಮಗಳನ್ನು ಕೈಕೊಳ್ಳಬೇಕು. ನಾಯಿ ಬೇಕಾದವರು ಮೊದಲು ನೆಲೆಯಿಲ್ಲದ ನಾಯಿಯೊಂದಕ್ಕೆ ನೆಲೆ ಕೊಡಲಿ. ಊರ ನಾಯಿಯ ಮರಿಯಷ್ಟು ನಂಬಿಗಸ್ತ ಕಾವಲುಗಾರ ಬೇರೆಯಿಲ್ಲ. ಕೊಳ್ಳಲೇಬೇಕೆಂದಿದ್ದರೆ ನೋಂದಣಿ ಪತ್ರವನ್ನೂ ತಾಯಿಯನ್ನೂ ತಾಯಿಯಿರುವ ಜಾಗವನ್ನೂ ಕಣ್ಣಾರೆ ನೋಡದೆ ಒಂದು ಕಾಸನ್ನೂ ಕೊಡಬೇಡಿರಿ. ಗೃಹಪ್ರವೇಶಕ್ಕೂ ಹುಟ್ಟುಹಬ್ಬಕ್ಕೂ ನಾಯಿಮರಿಯನ್ನು ಉಡುಗೊರೆಯಾಗಿ ಕೊಡುವ ಹೊಸ ಹವ್ಯಾಸವನ್ನು ನಿಲ್ಲಿಸಿರಿ. ಜೀವವು ತಟ್ಟೆಲೋಟಗಳಂತೆ ಕೊಡುವ ವಸ್ತುವಲ್ಲ. ನಿಯಮ ಮೀರಿದ ಕೊಟ್ಟಿಗೆ ನಿಮ್ಮ ನೆರೆಯಲ್ಲಿ ಕಂಡರೆ ಪಶುಪಾಲನಾ ಇಲಾಖೆಗೂ ಪೊಲೀಸರಿಗೂ ಬರೆದು ತಿಳಿಸಿರಿ, ಬರೆದುದರ ಪ್ರತಿಯನ್ನು ಇಟ್ಟುಕೊಳ್ಳಿರಿ. ನೆರೆಯವನು ಮುನಿಯುವನೆಂದು ಸುಮ್ಮನಿರುವುದು ಸೌಜನ್ಯವಲ್ಲ.

ಕೊಳ್ಳುವವನಿಲ್ಲದ ದಿನ ಆ ಪಂಜರಗಳು ತಾವಾಗಿಯೇ ಬರಿದಾಗುತ್ತವೆ. ಅವುಗಳಿಗೆ ಬೀಗ ಹಾಕುವ ಅಧಿಕಾರವು ಸರಕಾರದ ಕೈಯಲ್ಲಿದೆ. ಅವುಗಳನ್ನು ಬರಿದು ಮಾಡುವ ಶಕ್ತಿಯು ನಿಮ್ಮ ಕೈಯಲ್ಲಿದೆ. ಇಷ್ಟಲಿಂಗವನ್ನು ಹಿಡಿಯುವ ಆ ಕೈಯು ಇನ್ನು ಮುಂದೆ ಮೂಕತಾಯಿಯ ನೋವಿಗೆ ಬೆಲೆ ಎಣಿಸದಿರಲಿ.