ಸೀಟಿಗೆ ಮುಂಚಿನ ಒಂದು ವರ್ಷ

ವೈದ್ಯಕೀಯ ಪ್ರವೇಶದ ಫಲಿತಾಂಶ ಬಂದಾಗ ನಮ್ಮ ಸಮುದಾಯದಲ್ಲಿ ಸಂಭ್ರಮವಿರುತ್ತದೆ. ಸೀಟು ಪಡೆದವರಿಗೆ ಭಾನುವಾರದ ಬಲಿಪೂಜೆಯ ನಂತರ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಇದು ಆಗಲೇಬೇಕಾದದ್ದು. ಆದರೆ ಸೀಟು ಸಿಗುವುದಕ್ಕೆ ಮುಂಚಿನ ವರ್ಷ ಆ ಮನೆಯ ಒಲೆ ಹೇಗೆ ಉರಿಯಿತು, ತರಬೇತಿಯ ಹಣ ಎಲ್ಲಿಂದ ಬಂತು ಎಂದು ವಿಚಾರಿಸಿದವರು ಎಷ್ಟು ಮಂದಿ? ಓದಬಯಸುವವಳು ಸ್ವತಃ ಒಬ್ಬ ತಾಯಿಯಾಗಿದ್ದು, ಗಂಡನ ಆಸರೆಯಿಲ್ಲದೆ ದುಡಿದು ಮಗುವನ್ನು ಸಾಕುತ್ತಿದ್ದರೆ ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಈ ವಾರ ಅಂಥ ತಾಯಂದಿರ ವಿಷಯವನ್ನು ಓದುಗ ಕುಟುಂಬಗಳ ಮುಂದಿಡುತ್ತಿದ್ದೇವೆ.

ಮೂವತ್ತು ದಾಟಿದ ಹೆಣ್ಣುಮಗಳು ವೈದ್ಯಳಾಗುವ ಮಾತೆಲ್ಲಿ ಎಂದು ಕೆಲವರಿಗೆ ಅನಿಸಬಹುದು. ವೈದ್ಯಕೀಯ ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ 25, ಮೀಸಲು ವರ್ಗದವರಿಗೆ 30 ವರ್ಷ ಎಂದಿದ್ದ ವಯೋಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಬಿ.ಎಸ್ಸಿ. ಅಥವಾ ನರ್ಸಿಂಗ್ ಪದವಿ ಪಡೆದು ಹತ್ತು ವರ್ಷ ದುಡಿದವರೂ ಈಗ ನೀಟ್ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದರೆ ಅಲ್ಲಿ ಪದವಿಯ ಅಂಕಗಳಿಗೆ ಬೆಲೆಯಿಲ್ಲ. ಪ್ರಶ್ನೆಗಳೆಲ್ಲ ಪಿ.ಯು.ಸಿ. ಮಟ್ಟದ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದಿಂದ ಬರುತ್ತವೆ. ಪದವೀಧರೆಯಾದ ತಾಯಿಯು ಹದಿನೆಂಟರ ಮಕ್ಕಳ ಪಕ್ಕದಲ್ಲಿ ಕುಳಿತು ಹಳೆಯ ಪುಸ್ತಕಗಳನ್ನೇ ಮತ್ತೆ ಬಿಡಿಸಬೇಕಾಗುತ್ತದೆ.

ಗುರುಮಠಕಲ್ ಸೀಮೆಯವರಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಹಿಂದೆ ನಮ್ಮವರು ವೈದ್ಯಕೀಯ ಓದಿಗೆ ಕಲಬುರಗಿಗೋ ರಾಯಚೂರಿಗೋ ಹೋಗಬೇಕಾಗಿತ್ತು. 2022ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಗಿ ನಮ್ಮ ಜಿಲ್ಲಾಕೇಂದ್ರದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆತಿದೆ. ಸಂವಿಧಾನದ 371ಜೆ ವಿಧಿಯ ಪ್ರಕಾರ 2013ರಿಂದ ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳ ಪೈಕಿ ಶೇ. 70ರಷ್ಟು ಸ್ಥಳೀಯರಿಗೆ, ರಾಜ್ಯದ ಇತರ ಕಡೆ ಶೇ. 8ರಷ್ಟು ನಮ್ಮ ಭಾಗದವರಿಗೆ ಮೀಸಲಿದೆ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರವನ್ನು ಮುಂಚಿತವಾಗಿ ಪಡೆದಿರಬೇಕು. ಮಗುವನ್ನು ದೂರದೂರಿನಲ್ಲಿ ಬಿಡಲಾರದ ತಾಯಿಗೆ ಮನೆಯ ಹತ್ತಿರದ ಕಾಲೇಜು ಎಷ್ಟು ದೊಡ್ಡ ವರವೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಸಹಾಯವು ತಡವಾಗಿ ಬರುವುದರಲ್ಲಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವಾಗಲಿ, ಬ್ಯಾಂಕಿನ ಶಿಕ್ಷಣ ಸಾಲವಾಗಲಿ ಕೈಗೆ ಬರುವುದು ಸೀಟು ದೊರೆತ ಮೇಲೆ. ಸೀಟಿಗಾಗಿ ಓದುವ ವರ್ಷಕ್ಕೆ ಯಾರೂ ಹಣ ಕೊಡುವುದಿಲ್ಲ. ಪರೀಕ್ಷೆಯ ಅರ್ಜಿಗೆ 2025ರಲ್ಲಿ ಸಾಮಾನ್ಯ ವರ್ಗದವರಿಗೆ 1,700 ರೂಪಾಯಿಯಷ್ಟೇ ಇತ್ತು. ಆದರೆ ಪಟ್ಟಣಗಳ 'ಲಾಂಗ್ ಟರ್ಮ್' ತರಬೇತಿಗೆ ಶುಲ್ಕ ಮತ್ತು ವಸತಿ ಸೇರಿ ಲಕ್ಷ ರೂಪಾಯಿ ಸುಲಭವಾಗಿ ಕರಗುತ್ತದೆ. ಕೆಲಸ ಬಿಟ್ಟರೆ ಸಂಬಳವಿಲ್ಲ. ಬಿಡದಿದ್ದರೆ ಓದಲು ಸಮಯವಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ತಾಯಿ ಮಗುವನ್ನು ಶಾಲೆಗೆ ಕಳಿಸಿ ಪುಸ್ತಕ ಹಿಡಿದರೆ ಕಣ್ಣು ಎಷ್ಟು ಹೊತ್ತು ತೆರೆದಿದ್ದೀತು?

ಇಂಥ ಹೊತ್ತಿನಲ್ಲಿ ಎದುರಿಗೆ ಸಿಗುವವನು ಬಡ್ಡಿ ವ್ಯಾಪಾರಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದರೆ ಕಿವಿಗೆ ಹಗುರವಾಗಿ ಕೇಳುತ್ತದೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಬಡ್ಡಿಯಾಯಿತು. ಅಸಲು ಹಾಗೆಯೇ ಉಳಿಯಿತು. ಸೀಟು ಸಿಕ್ಕರೂ ತರಗತಿಗಳಿಗೆ ನಾಲ್ಕೂವರೆ ವರ್ಷ, ಆಸ್ಪತ್ರೆಯ ಇಂಟರ್ನ್‌ಶಿಪ್‌ಗೆ ಒಂದು ವರ್ಷ, ಒಟ್ಟು ಐದೂವರೆ ವರ್ಷದ ದಾರಿಯಿದೆ. ಈ ಸಾಲವನ್ನು ಹೊತ್ತುಕೊಂಡು ಆ ದಾರಿ ನಡೆಯುವುದು ಯಾರಿಂದ ಸಾಧ್ಯ?

ಮಗುವನ್ನು ಎತ್ತಿಕೊಂಡು ವೈದ್ಯಕೀಯ ಓದಲು ಹೊರಟ ತಾಯಿ ಈ ನಾಡಿಗೆ ಹೊಸಬಳಲ್ಲ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1882ರಲ್ಲಿ ವಿಧವೆಯಾದಾಗ ಮಗಳು ಮನೋರಮಾ ಇನ್ನೂ ಹಸುಗೂಸು. 'ಸ್ತ್ರೀಧರ್ಮನೀತಿ' ಎಂಬ ಪುಸ್ತಕ ಬರೆದು, ಅದರ ಮಾರಾಟದ ಹಣವನ್ನು ಪ್ರಯಾಣಕ್ಕೆ ಬಳಸಿ, 1883ರಲ್ಲಿ ವೈದ್ಯಕೀಯ ಓದಿನ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಓದು ಕೈಗೂಡಲಿಲ್ಲ. ಅವರು ಎದೆಗುಂದದೆ ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಕಲಿತರು. ವಾಂಟೇಜ್‌ನ ಆಂಗ್ಲಿಕನ್ ಸಭೆಯ ಸಂನ್ಯಾಸಿನಿಯರು ಮಗುವಿನ ಆರೈಕೆಗೆ ಹೆಗಲು ಕೊಟ್ಟರು. ಅದೇ ತಾಯಿ ಮುಂದೆ ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ವೈದ್ಯೆಯಾಗಲಿಲ್ಲವೆಂದು ಅವರ ಓದು ವ್ಯರ್ಥವಾಯಿತೆಂದು ಹೇಳಬಲ್ಲವರಾರು? ಆ ಓದು ಮುಂದುವರಿದದ್ದು ಅವರ ದುಡಿಮೆಯಿಂದ, ಜೊತೆಗೆ ಮಗುವನ್ನು ನೋಡಿಕೊಂಡ ಆ ಕೈಗಳಿಂದ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಆಡಲೇಬೇಕು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು ಮಂದಿ, ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಅರ್ಹತೆ ಪಡೆಯುವುದು ಬೇರೆ, ಸರ್ಕಾರಿ ಸೀಟು ಪಡೆಯುವುದು ಬೇರೆ. ಆದ್ದರಿಂದ ತಾಯಂದಿರು ಕೆಲಸ ಬಿಡುವ ಮೊದಲು ಎನ್.ಸಿ.ಇ.ಆರ್.ಟಿ. ಪುಸ್ತಕಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮನೆಯಲ್ಲಿಯೇ ಓದಿ, ಒಮ್ಮೆ ಪರೀಕ್ಷೆ ಬರೆದು ತಮ್ಮ ಅಂಕವನ್ನು ತಾವೇ ಅಳೆದುಕೊಳ್ಳಲಿ. ಸೀಟು ಹತ್ತಿರ ಕಂಡರೆ ತರಬೇತಿಗೆ ಹಣ ಹೂಡಲಿ. ಎಷ್ಟು ಪ್ರಯತ್ನ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಶುಲ್ಕಕ್ಕೆ ರಸೀದಿ ಕೇಳಿ ಪಡೆಯಲಿ. ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ಸರ್ಕಾರವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿದೆ. ಹಣ ಕಟ್ಟುವ ಮುನ್ನ ಆ ಮಾತನ್ನು ಬರಹದಲ್ಲಿ ಪಡೆಯುವುದು ಜಾಣತನ.

ಇನ್ನು ಉಳಿದದ್ದು ನಮ್ಮ ಪಾಲಿನ ಕೆಲಸ. ನಮ್ಮ ಸೀಮೆಯ ಧರ್ಮಕೇಂದ್ರಗಳು ಚಿಕ್ಕವು, ಕುಟುಂಬಗಳು ವಿರಳ. ಆದರೂ ನಲವತ್ತು ಮನೆಗಳು ತಿಂಗಳಿಗೆ ನೂರು ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 48,000 ರೂಪಾಯಿ ಕೂಡುತ್ತದೆ. ಇದನ್ನು ದಾನವೆಂದು ಕೊಟ್ಟು ತಾಯಿಯ ತಲೆ ತಗ್ಗಿಸಬೇಕಾಗಿಲ್ಲ. ಬಡ್ಡಿಯಿಲ್ಲದ ಸಾಲವೆಂದು ಕೊಡೋಣ. ಸೀಟು ಸಿಕ್ಕರೆ ದುಡಿಮೆ ಆರಂಭವಾದ ಮೇಲೆ ತೀರಿಸಲಿ. ಸಿಗದಿದ್ದರೆ ಸಣ್ಣ ಕಂತುಗಳಲ್ಲಿ ಕೊಡಲಿ. ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರ ಮುಂದಿಡಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯು ಮನೆಮನೆಗೆ ಹೋಗಿ ಕಷ್ಟ ವಿಚಾರಿಸುವುದನ್ನೇ ತನ್ನ ಕೆಲಸವಾಗಿಸಿಕೊಂಡಿದೆ. ಅದರ ಘಟಕವಿರುವಲ್ಲಿ ಈ ಹೊಣೆಯನ್ನು ಅದಕ್ಕೇ ವಹಿಸಬಹುದು.

ಹಣವಿಲ್ಲದವರು ಸಮಯ ಕೊಡಬಹುದು. ಪಾಳಿಯ ರಾತ್ರಿ ಆ ಮಗು ನಿಮ್ಮ ಮಕ್ಕಳ ಪಕ್ಕದಲ್ಲಿ ಮಲಗಲಿ. ಭಾನುವಾರ ಮಧ್ಯಾಹ್ನ ಮೂರು ಗಂಟೆ ನಿಮ್ಮ ಅಂಗಳದಲ್ಲಿ ಆಡಲಿ. "ಈ ವಯಸ್ಸಿನಲ್ಲಿ ಇದೆಲ್ಲ ಏಕಮ್ಮ?" ಎಂಬ ಮಾತನ್ನು ನಾವು ನುಂಗಿಕೊಂಡರೂ ಅದು ದೊಡ್ಡ ಉಪಕಾರವೇ. ಹಳ್ಳಿಗೆ ವೈದ್ಯರು ಬರುವುದಿಲ್ಲವೆಂದು ದೂರುವ ನಾವು, ಇಲ್ಲಿಯೇ ಹುಟ್ಟಿ, ಇಲ್ಲಿಯ ರೋಗಿಗಳ ಮಾತು ತಿಳಿದು, ಇಲ್ಲಿಯೇ ಉಳಿಯಬಲ್ಲ ಹೆಣ್ಣುಮಗಳನ್ನು ಒಂದು ವರ್ಷದ ಖರ್ಚಿಗಾಗಿ ಕೈಬಿಡಬಾರದು. ಸನ್ಮಾನದ ಶಾಲು ಆಮೇಲೆ ಬರಲಿ. ಮುಂದಿನ ಭಾನುವಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಿರಿಯರು ಕುಳಿತು ಈ ನಿಧಿಯ ಮಾತನ್ನು ಎತ್ತಬೇಕೆಂದು ಕೋರುತ್ತೇವೆ.